ಹೇಳಿ ಹೋಗ್ರಿ

ದೀಪಾವಳಿ ಮುಗಿಯುವ ಹೊತ್ತಿಗೆ ವಿಜಯಪುರ, ಬಾಗಲಕೋಟೆ ಕಡೆಯ ಎಷ್ಟೋ ತಾಂಡಾಗಳಲ್ಲಿ, ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬೀಳುತ್ತದೆ. ಕಬ್ಬು ಕಡಿಯೋ ಗ್ಯಾಂಗುಗಳು ಸಾಂಗ್ಲಿ, ಕೊಲ್ಹಾಪುರದ ಕಡೆ ಹೊರಡುತ್ತವೆ. ಇನ್ನು ಕೆಲವರು ಗೋವಾ, ಮಂಗಳೂರು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಗಾಡಿ ಬರೋದು ಬಹಳ ಸಲ ನಸುಕಿನಲ್ಲಿ. ದಾರಿ ದೂರ ಅನ್ನೋದು ಅದಕ್ಕೆ ಒಂದು ಕಾರಣ. ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ಆ ಹೊತ್ತಿಗೆ ಮಕ್ಕಳು ಮಲಗಿರುತ್ತವೆ. ಎದ್ದು ಸೆರಗು ಹಿಡಿದು ಅಳೋದರೊಳಗೆ ಊರು ದಾಟಿಬಿಡಬಹುದು.

ನಾನು ಅಂಗನವಾಡಿ ಮೇಲ್ವಿಚಾರಕಿಯಾಗಿದ್ದವಳು. ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ಬಸ್ಸು, ಟಂಟಂ ಹತ್ತಿ ಬಹಳ ವರ್ಷ ಓಡಾಡಿದ್ದೇನೆ. ಈಗ ನಿವೃತ್ತಿ. ಇಲ್ಲಿ ಹೇಳೋ ಮಕ್ಕಳ ಊರು, ಗುರುತು ಎಲ್ಲ ಬದಲಿಸಿದ್ದೇನೆ, ಯಾರೂ ಹುಡುಕೋದು ಬೇಡ.

ಆ ದಿನಗಳಲ್ಲಿ ಯಾವ ಕೇಂದ್ರಕ್ಕೆ ಹೋದರೂ ಎರಡು ಥರದ ಮಕ್ಕಳು ಕಣ್ಣಿಗೆ ಬೀಳುತ್ತಿದ್ದವು. ಒಂದು, ಬಾಗಿಲ ಚೌಕಟ್ಟು ಹಿಡಿದು ಕಿರುಚೋ ಮಗು. ಇನ್ನೊಂದು, ಮೂಲೆಯಲ್ಲಿ ಕುಳಿತು, ಕೊಟ್ಟದ್ದು ತಿಂದು, ಹೇಳಿದ ಕಡೆ ಮಲಗಿ, ಯಾರಿಗೂ ತೊಂದರೆ ಕೊಡದ ಮಗು. ಮೊದಲನೆಯದರ ಬಗ್ಗೆ ಕಾರ್ಯಕರ್ತೆಯರು ದೂರು ಹೇಳುತ್ತಿದ್ದರು. ಎರಡನೆಯದನ್ನು ಹೊಗಳುತ್ತಿದ್ದರು. ನನಗೆ ಚಿಂತೆ ಹತ್ತುತ್ತಿದ್ದದ್ದು ಎರಡನೆಯದರದ್ದೇ.

"ನಾಕ ದಿನಾ ಅತ್ತು ಸುಮ್ಮಾತ್ರಿ ಮೇಡಮ್ಮಾರ. ಈಗ ಅವ್ವನ ಹೆಸರ ಸುದ್ಧಾ ಎತ್ತಂಗಿಲ್ಲ" ಅಂತ ಒಬ್ಬ ಆಯಿ ನನಗೆ ಹೆಮ್ಮೆಯಿಂದಲೇ ಹೇಳಿದ್ದರು. ಮೂರೂವರೆ ವರ್ಷದ ಮೊಮ್ಮಗಳು ಅವರ ಮಗ್ಗುಲಲ್ಲೇ ಕುಳಿತು ಲಂಗದ ದಾರ ಎಳೆಯುತ್ತಿದ್ದಳು. "ಸಣ್ಣದೈತಿ, ಅದಕ್ಕೇನ ತಿಳಿತೈತ್ರಿ? ಮರತೈತಿ."

ಈ "ಅದಕ್ಕೇನು ತಿಳಿಯುತ್ತದೆ" ಅನ್ನೋ ನಂಬಿಕೆ ಇದೆಯಲ್ಲ, ಪುಟ್ಟ ಮಕ್ಕಳ ಮನಸ್ಸಿನ ಕೆಲಸಕ್ಕೆ ನಮ್ಮ ಕಡೆ ದೊಡ್ಡ ಅಡ್ಡಿ ಇದೇ ಅಂತ ನನಗೆ ಅನ್ನಿಸುತ್ತದೆ. ದುಡ್ಡಿಲ್ಲ, ಡಾಕ್ಟರಿಲ್ಲ ಅನ್ನೋದೆಲ್ಲ ಆಮೇಲಿನ ಮಾತು.

1940ರ ದಶಕದ ಕೊನೆಗೆ ಲಂಡನ್ನಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಅನ್ನೋ ಸಮಾಜ ಕಾರ್ಯಕರ್ತ ಆಸ್ಪತ್ರೆಗೆ ಸೇರಿಸಿದ ಸಣ್ಣ ಮಕ್ಕಳನ್ನು ನೋಡುತ್ತ ಕೂರುತ್ತಿದ್ದರು. ಮನೋವೈದ್ಯ ಜಾನ್ ಬೌಲ್ಬಿ ಜೊತೆ ಅವರ ಕೆಲಸ. ಆಗ ಅಲ್ಲಿನ ಆಸ್ಪತ್ರೆಗಳಲ್ಲಿ ತಾಯಿ ತಂದೆ ಮಗುವಿನ ಹತ್ತಿರ ಇರುವಂತಿರಲಿಲ್ಲ. ಬಂದು ನೋಡಲು ಕೊಡುತ್ತಿದ್ದದ್ದೂ ಅಪರೂಪಕ್ಕೆ. ಮಕ್ಕಳು ಮೊದಲು ಕೂಗಾಡುತ್ತಿದ್ದವು, ಬಾಗಿಲ ಕಡೆ ನೋಡುತ್ತಿದ್ದವು. ಆಮೇಲೆ ಸೋತು ಮಂಕಾಗುತ್ತಿದ್ದವು. ಕೊನೆಗೆ ಎಲ್ಲರ ಜೊತೆ ನಗುತ್ತ, ಊಟ ಮಾಡುತ್ತ ಇರುತ್ತಿದ್ದವು. ಆದರೆ ತಾಯಿ ಬಂದರೆ ಮುಖ ತಿರುಗಿಸುತ್ತಿದ್ದವು. ನರ್ಸುಗಳು ಈ ಕೊನೆಯ ಹಂತ ನೋಡಿ "ಮಗು ಹೊಂದಿಕೊಂಡಿತು" ಅನ್ನುತ್ತಿದ್ದರು. ಅದು ಹೊಂದಿಕೊಂಡದ್ದಲ್ಲ, ಆಸೆ ಬಿಟ್ಟದ್ದು ಅಂತ ರಾಬರ್ಟ್‌ಸನ್ ತೋರಿಸಿದರು. ಡಾಕ್ಟರುಗಳು ಅದನ್ನು ಒಪ್ಪಲು ವರ್ಷಗಳೇ ಹಿಡಿದವು. 1959ರಲ್ಲಿ ಪ್ಲಾಟ್ ಸಮಿತಿಯ ವರದಿ ಬಂದ ಮೇಲೆ ಬ್ರಿಟನ್ನಿನ ಆಸ್ಪತ್ರೆಗಳು ನಿಧಾನಕ್ಕೆ ತಾಯಂದಿರಿಗೆ ಬಾಗಿಲು ತೆರೆದವು.

ಆಯಿ ಹೇಳಿದ್ದನ್ನೂ ಆ ನರ್ಸುಗಳು ಹೇಳಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಆದರೆ ಅಷ್ಟಕ್ಕೇ ಬಿಟ್ಟರೆ ಅನ್ಯಾಯವಾಗುತ್ತದೆ. ನಮ್ಮ ಆಯಿ ಆಸ್ಪತ್ರೆಯ ವಾರ್ಡ್ ಅಲ್ಲ. ಮುಂದೆ ಅದೇ ರಾಬರ್ಟ್‌ಸನ್ ಮತ್ತು ಅವರ ಹೆಂಡತಿ ಜಾಯ್, ತಾಯಿ ಹೆರಿಗೆಗೆ ಹೋದ ಕೆಲವು ಸಣ್ಣ ಮಕ್ಕಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ಮನೆಯಿಂದ ಬಂದ ಸಾಮಾನು ಜೊತೆಗಿತ್ತು, ತಾಯಿಯ ಬಗ್ಗೆ ದಿನಾ ಮಾತಾಡುತ್ತಿದ್ದರು, ಅದೇ ಮುಖಗಳು ಬೆಳಿಗ್ಗೆ ಸಂಜೆ ಕಾಣುತ್ತಿದ್ದವು. ಆ ಮಕ್ಕಳು ಬೇಸರಪಟ್ಟರು, ಆದರೆ ಕುಸಿದು ಹೋಗಲಿಲ್ಲ. ಅಂದರೆ ಅಗಲಿಕೆ ಒಂದೇ ಮಗುವನ್ನು ಮುರಿಯೋದಿಲ್ಲ. ಅಗಲಿಕೆಯ ಹೊತ್ತಿನಲ್ಲಿ ಮಗುವನ್ನು ಒಂಟಿ ಬಿಟ್ಟರೆ, ಆದದ್ದನ್ನು ಮುಚ್ಚಿಟ್ಟರೆ ಮುರಿಯುತ್ತದೆ. ಕಬ್ಬು ಕಡಿಯೋಕೆ ಹೋಗಬೇಡಿ ಅಂತ ಯಾರಿಗೂ ಹೇಳೋಕೆ ಆಗೋದಿಲ್ಲ, ಮುಂಗಡ ತೆಗೆದುಕೊಂಡಿರುತ್ತಾರೆ. ಹೇಳಿ ಹೋಗಿ ಅಂತ ಹೇಳಬಹುದು.

ಹೇಳೋದಕ್ಕೂ ಒಂದು ರೀತಿ ಇದೆ. ನಾನು ಕಂಡ ಕಾರ್ಯಕರ್ತೆಯರಲ್ಲಿ ಬಹಳ ಚುರುಕಿನ ಒಬ್ಬಾಕೆ ತನ್ನ ಊರಿನ ತಾಯಂದಿರಿಗೆ ದಸರೆಯ ಹೊತ್ತಿನಿಂದಲೇ ಕಿವಿಯಲ್ಲಿ ಊದುತ್ತಿದ್ದಳು. "ಹಿಂದಿನ ದಿನಾ ಕುಂಡ್ರಿಸಿಕೊಂಡ ಹೇಳವಾ. ನಾನೂ ನಿಮ್ಮಪ್ಪಾನೂ ದುಡಿಯಾಕ ಹೊಂಟೀವಿ, ನೀ ಆಯಿ ಹಂತ್ಯಾಕ ಇರ್ತಿ, ನಾವು ಹೊಳ್ಳಿ ಬರ್ತೀವಿ ಅನ್ನು. ನಾಳೆ ಬರ್ತೀನಿ ಅಂತ ಸುಳ್ಳ ಹೇಳಬ್ಯಾಡ." ಹೆಂಗಸರು "ಹೇಳಿದ್ರ ಅಳತೈತ್ರಿ" ಅನ್ನುತ್ತಿದ್ದರು. "ಹೇಳಲಿಕ್ರೂ ಅಳತೈತಿ, ನೀ ನೋಡೂದಿಲ್ಲ ಅಷ್ಟ, ನಾ ನೋಡ್ತೀನಿ" ಅಂತ ಈಕೆ ಉತ್ತರ ಕೊಡುತ್ತಿದ್ದಳು. ಆಕೆ ಇನ್ನೂ ಒಂದು ಮಾತು ಸೇರಿಸುತ್ತಿದ್ದಳು: "ಉಟ್ಟ ಒಂದ ಸೀರಿ ತೊಳೀದ ಬಿಟ್ಟ ಹೋಗ."

ಆ ಸೀರೆಯ ಗುಟ್ಟು ನನಗೆ ಆ ಕೇಂದ್ರಕ್ಕೆ ಹೋದಾಗ ತಿಳಿಯಿತು. ನಮ್ಮ ಕಡೆ ಕೌದಿ ಹೊಲಿಯೋದೇ ಅವ್ವನ, ಆಯಿಯ ಹಳೇ ಸೀರೆಗಳಿಂದ. ಕೋಣೆಯ ಒಂದು ಮೂಲೆಯಲ್ಲಿ ಚಾಪೆ ಹಾಕಿ, ಒಂದೆರಡು ಸಣ್ಣ ಕೌದಿ ಮಡಚಿಟ್ಟಿದ್ದಳು. ಅಳು ಬಂದ ಮಗು, ಸಿಟ್ಟು ಬಂದ ಮಗು ಅಲ್ಲಿ ಹೋಗಿ ಮಲಗಬಹುದು. ಅವ್ವನ ಸೀರೆ ತಂದವರು ಅದನ್ನೂ ಹೊದ್ದುಕೊಳ್ಳಬಹುದು. ಅದು ಶಿಕ್ಷೆಯ ಮೂಲೆ ಅಲ್ಲ. ಯಾರನ್ನೂ ಅಲ್ಲಿಗೆ ಕಳಿಸುವಂತಿಲ್ಲ, ಮಗು ತಾನಾಗಿ ಹೋಗಬೇಕು. ವಾಸನೆಗೆ ಇರೋ ಶಕ್ತಿ ಮಾತಿಗೆ ಇಲ್ಲ ಅನ್ನೋದು ಆಕೆಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟದ್ದಲ್ಲ. ಮಗು ಬಟ್ಟೆಯನ್ನೋ ಗೊಂಬೆಯನ್ನೋ ಅಪ್ಪಿಕೊಂಡು ತಾಯಿಯಿಲ್ಲದ ಹೊತ್ತನ್ನು ದಾಟುತ್ತದೆ ಅಂತ ಇಂಗ್ಲೆಂಡಿನ ಮಕ್ಕಳ ಡಾಕ್ಟರ್ ಡೊನಾಲ್ಡ್ ವಿನಿಕಾಟ್ 1950ರ ಸುಮಾರಿಗೆ ಬರೆದಿದ್ದರು. ನಮ್ಮ ಹೆಂಗಸರು ಅದನ್ನು ಸೂಜಿ ದಾರದಲ್ಲಿ ಎಂದಿನಿಂದಲೋ ಹೊಲಿಯುತ್ತಿದ್ದಾರೆ.

ಇನ್ನು ಕೆಲವು ಕಡೆ ಬಾಟಲಿಗೆ ದಿನಕ್ಕೊಂದು ಹುಣಸೆ ಬೀಜ ಹಾಕಿಸಿ, ಇಷ್ಟು ತುಂಬಿದರೆ ಅವ್ವ ಬರುತ್ತಾಳೆ ಅಂತ ಹೇಳುತ್ತಿದ್ದರು. ಕೇಳೋಕೆ ಚೆಂದ. ನನಗೆ ಅದು ಇಷ್ಟವಾಗಲಿಲ್ಲ. ಕಾರ್ಖಾನೆಯ ಸೀಜನ್ ಎಂದು ಮುಗಿಯುತ್ತದೆ ಅನ್ನೋದು ಗ್ಯಾಂಗಿನ ಮುಕಾದಮನಿಗೇ ಗೊತ್ತಿರೋದಿಲ್ಲ. ಬಾಟಲಿ ತುಂಬಿದ ದಿನ ಅವ್ವ ಬರದಿದ್ದರೆ ಆ ಮಗು ಇನ್ನು ಯಾರ ಮಾತು ನಂಬಬೇಕು? ಅದರ ಬದಲು ದಿನಾ ಸಂಜೆ ಒಂದೇ ಹೊತ್ತಿಗೆ ಫೋನ್ ಮಾಡಿಸಿ. ವಿಡಿಯೊ ಕಾಲ್ ಆದರೆ ಇನ್ನೂ ಒಳ್ಳೆಯದು. ಹಾಂ, ಫೋನ್ ಇಟ್ಟ ಮೇಲೆ ಮಗು ಅಳುತ್ತದೆ. ಅಳಲಿ. ಅತ್ತದ್ದಕ್ಕೆ ಫೋನ್ ನಿಲ್ಲಿಸಬಾರದು.

ನಮ್ಮ ನದಿಗಳ ಮಾತೂ ಇದೆ. 2009ರ ಅಕ್ಟೋಬರಿನಲ್ಲಿ ಒಮ್ಮೆ, 2019ರ ಆಗಸ್ಟಿನಲ್ಲಿ ಮತ್ತೊಮ್ಮೆ ಈ ಭಾಗ ಮುಳುಗಿತು. 2019ರಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಉಕ್ಕಿದವು. ಚಿಕ್ಕೋಡಿ, ಗೋಕಾಕ, ಮುಧೋಳ, ಜಮಖಂಡಿ, ಬಾದಾಮಿ ತಾಲೂಕುಗಳ ದಂಡೆಯ ಊರವರು ಟ್ರ್ಯಾಕ್ಟರ್ ಹತ್ತಿ ಓಡಿಬಂದರು. ಪಟ್ಟದಕಲ್ಲಿನ ಗುಡಿಗಳ ಸುತ್ತಲೂ ನೀರು ನಿಂತ ಚಿತ್ರ ಟಿವಿಯಲ್ಲಿ ಎಲ್ಲರೂ ನೋಡಿದ್ದೀರಿ. ಆ ಟಿವಿಯವರೇ ಪರಿಹಾರ ಕೇಂದ್ರಗಳಿಗೂ ಬಂದು, ಐದು ವರ್ಷದ ಮಗುವಿನ ಬಾಯಿಗೆ ಮೈಕ್ ಹಿಡಿದು "ಮನೆ ಹೋಯ್ತಾ ಪುಟ್ಟಾ? ಹೇಗೆ ಅನ್ನಿಸ್ತು?" ಅಂತ ಕೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದಕ್ಕಿಂತ ಕೆಟ್ಟ ಪ್ರಶ್ನೆ ಇಲ್ಲ. ವಿಪತ್ತು ಆದ ಕೂಡಲೇ ಆದದ್ದನ್ನೆಲ್ಲ ಒತ್ತಾಯಿಸಿ ಹೇಳಿಸೋದರಿಂದ ಲಾಭವಿಲ್ಲ, ಕೆಲವರಿಗೆ ಅದು ಹಾನಿಯನ್ನೇ ಮಾಡುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಕೂಡ ಹೇಳುತ್ತದೆ. 2011ರಲ್ಲಿ ಅದು ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯ ತಿರುಳು ಸರಳ: ನೋಡಿ, ಕೇಳಿಸಿಕೊಳ್ಳಿ, ಸಹಾಯ ಸಿಗೋ ಕಡೆ ಮುಟ್ಟಿಸಿ. ಅಗೆದು ಕೇಳೋದು ಅದರಲ್ಲಿ ಇಲ್ಲ.

ಪುಟ್ಟ ಮಕ್ಕಳು ಬಾಯಿಯಿಂದ ಹೇಳೋದು ಕಡಿಮೆ. ಮೈಯಿಂದ ಹೇಳುತ್ತಾರೆ, ಆಟದಿಂದ ಹೇಳುತ್ತಾರೆ. ಪ್ರವಾಹದ ನಂತರದ ತಿಂಗಳುಗಳಲ್ಲಿ ಹಾಸಿಗೆಯಲ್ಲಿ ಉಚ್ಚೆ ಮಾಡೋದು ಎಂದೋ ಬಿಟ್ಟಿದ್ದ ಮಕ್ಕಳು ಮತ್ತೆ ಶುರು ಮಾಡಿದವು. ಪತ್ರಾಸಿನ ಶೆಡ್ಡಿನ ಮೇಲೆ ಮಳೆ ಬಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದವು. ಒಂದು ಮಗು ತಲೆ ಮೇಲೆ ನೀರು ಹಾಕಿಸಿಕೊಳ್ಳುತ್ತಲೇ ಇರಲಿಲ್ಲ. ಚೆನ್ನಾಗಿ ಮಾತಾಡುತ್ತಿದ್ದ ಒಬ್ಬ ಹುಡುಗ ಸನ್ನೆಗೆ ಇಳಿದಿದ್ದ. ಹೊಟ್ಟೆನೋವು, ಕಚ್ಚೋದು, ಹೊಡೆಯೋದು, ಟೀಚರ್ ಕಕ್ಕಸಿಗೆ ಹೋದರೂ ಹಿಂದೆ ಹಿಂದೆ ಹೋಗೋದು. ಮನೆಯವರು ಇದಕ್ಕೆಲ್ಲ "ಅಂಜಿಕಿ ಆಗೇತಿ" ಅಂತ ಒಂದೇ ಹೆಸರು ಇಟ್ಟು, ದೃಷ್ಟಿ ತೆಗೆದು, ಚೀಟಿ ಕಟ್ಟಿಸಿಕೊಂಡು ಬರುತ್ತಿದ್ದರು. ನಾನು ಅದನ್ನು ಹೀಯಾಳಿಸೋದಿಲ್ಲ. ಮನೆಯವರೆಲ್ಲ ಮಗುವಿನ ಸುತ್ತ ಕುಳಿತು, ಮೈದಡವಿ, "ಹೋತು, ಇನ್ನ ಅಂಜಬ್ಯಾಡ" ಅನ್ನೋದರಲ್ಲಿ ಔಷಧಿ ಇದೆ. ಮಗು ಅಂಜಿದೆ ಅನ್ನೋದನ್ನಾದರೂ ಅವರು ಒಪ್ಪುತ್ತಾರಲ್ಲ. ದೊಡ್ಡ ದೊಡ್ಡ ಪುಸ್ತಕಗಳೇ ಅದನ್ನು ಒಪ್ಪಲು ತಡ ಮಾಡಿವೆ. ಆರು ವರ್ಷ ಮತ್ತು ಅದಕ್ಕಿಂತ ಸಣ್ಣ ಮಕ್ಕಳಲ್ಲಿ ಆಘಾತದ ನಂತರದ ಕಾಯಿಲೆ ಬೇರೆ ಥರ ಕಾಣುತ್ತದೆ ಅಂತ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿ ಪ್ರತ್ಯೇಕವಾಗಿ ಬರೆದದ್ದು 2013ರಲ್ಲಿ.

ಆಟದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 1976ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲಾ ಅನ್ನೋ ಊರಿನಲ್ಲಿ ಸ್ಕೂಲ್ ಬಸ್ಸಿನ 26 ಮಕ್ಕಳನ್ನು, ಡ್ರೈವರನ್ನು ಅಪಹರಿಸಿ, ನೆಲದಡಿ ಹೂತಿದ್ದ ಟ್ರೈಲರಿನಲ್ಲಿ ಕೂಡಿಹಾಕಿದ್ದರು. ಎಲ್ಲರೂ ತಪ್ಪಿಸಿಕೊಂಡು ಜೀವಂತ ಬಂದರು. ಗಾಯವಿಲ್ಲ, ಮುಗಿಯಿತು ಅಂತ ಊರು ಅಂದುಕೊಂಡಿತು. ಲೆನೋರ್ ಟೆರ್ ಅನ್ನೋ ಮಕ್ಕಳ ಮನೋವೈದ್ಯೆ ಆ ಮಕ್ಕಳನ್ನು ವರ್ಷಗಟ್ಟಲೆ ಮಾತಾಡಿಸಿದರು. ಒಳಗೆ ಏನೂ ಮುಗಿದಿರಲಿಲ್ಲ. ಅವರು ಗುರುತಿಸಿದ ಒಂದು ಸಂಗತಿ ಎಂದರೆ ಮಕ್ಕಳು ಆಡುತ್ತಿದ್ದ ಆಟ. ಆದದ್ದನ್ನೇ ಮತ್ತೆ ಮತ್ತೆ ಆಡೋದು. ಅದರಲ್ಲಿ ನಗು ಇಲ್ಲ, ಖುಷಿ ಇಲ್ಲ, ಕೊನೆಯೂ ಇಲ್ಲ.

ಮಲಪ್ರಭೆಯ ದಂಡೆಯ ಒಂದು ಊರಿನಲ್ಲಿ ಅದೇ ಆಟ ಕಂಡೆ. ನಾಲ್ಕು ವರ್ಷದ ಹುಡುಗ ಬೋಗುಣಿಯ ನೀರಿನಲ್ಲಿ ಪ್ಲಾಸ್ಟಿಕ್ ಗೊಂಬೆಗಳನ್ನು ಒಂದೊಂದಾಗಿ ಮುಳುಗಿಸುತ್ತಿದ್ದ. "ಹೊಳಿ ಬಂತು, ಎಮ್ಮಿ ಹೋತು. ಹೊಳಿ ಬಂತು, ಮುತ್ಯಾ ಹೋದ." ಮುತ್ಯಾ ನಿಜಕ್ಕೂ ಹೋಗಿರಲಿಲ್ಲ, ಮನೆಯಲ್ಲೇ ಬೀಡಿ ಸೇದುತ್ತ ಕುಳಿತಿದ್ದರು. ಎಮ್ಮೆ ಹೋಗಿತ್ತು. ಸಹಾಯಕಿಗೆ ಅಪಶಕುನ ಅನ್ನಿಸಿ ಬೋಗುಣಿ ಕಸಿದುಕೊಳ್ಳೋಕೆ ಹೋದಳು. ಕಾರ್ಯಕರ್ತೆ ತಡೆದಳು. ಸುಮ್ಮನೆ ಹುಡುಗನ ಹತ್ತಿರ ಕುಳಿತಳು. ಎಷ್ಟೋ ಹೊತ್ತಿನ ಮೇಲೆ ಆಟದ ಟ್ರ್ಯಾಕ್ಟರ್ ತಂದು ಬೋಗುಣಿಯ ಪಕ್ಕದಲ್ಲಿ ನಿಲ್ಲಿಸಿ, "ಟ್ರ್ಯಾಕ್ಟರ್ ಬಂತಪಾ. ಯಾರ ಹತ್ತತಾರ ಇದರಾಗ?" ಅಂದಳು. ಅವನು ಅವತ್ತು ನೋಡಲೇ ಇಲ್ಲ. ಇನ್ನೊಂದು ಸಲ ನಾನು ಹೋದಾಗ ಗೊಂಬೆಗಳು ಟ್ರ್ಯಾಕ್ಟರ್ ಹತ್ತುತ್ತಿದ್ದವು. ಎಮ್ಮೆ ಮಾತ್ರ ಮುಳುಗಿಯೇ ಮುಳುಗುತ್ತಿತ್ತು. ಆದದ್ದು ಹಾಗೇ ಅಲ್ವಾ?

ಆ ಹೆಣ್ಣುಮಗಳು ಮಾಡಿದ್ದರಲ್ಲಿ ಮೂರು ಸಂಗತಿ ಇವೆ. ಆಟ ನಿಲ್ಲಿಸಲಿಲ್ಲ. ಕಥೆ ಕೇಳಲಿಲ್ಲ. ದಾರಿ ಒಂದನ್ನು ತಂದು ಪಕ್ಕದಲ್ಲಿಟ್ಟಳು, ಹತ್ತಲೇಬೇಕು ಅಂತ ಅನ್ನಲಿಲ್ಲ. ಆಟದ ಮೂಲಕ ಚಿಕಿತ್ಸೆ ಕೊಡುವವರು ಕಲಿಯೋದೂ ಬಹುಮಟ್ಟಿಗೆ ಇದನ್ನೇ.

ಸಾವಿನ ವಿಷಯದಲ್ಲಂತೂ ನಾವು ಮಕ್ಕಳಿಗೆ ಹೇಳೋ ಸುಳ್ಳುಗಳಿಗೆ ಲೆಕ್ಕವಿಲ್ಲ. ಸಾಲಕ್ಕೆ ಹೆದರಿ ಬೆಳೆಗೆ ಹೊಡೆಯೋ ಎಣ್ಣೆ ಕುಡಿದು ತೀರಿಕೊಂಡ ರೈತನ ಮಗಳಿಗೆ "ಅಪ್ಪ ಸಂತಿಗೆ ಹೋಗ್ಯಾನ" ಅಂದಿದ್ದರು. ಆಕೆ ಸಂತೆಯ ದಿನ ಬಂದರೆ ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದಳು. ಇನ್ನೊಂದು ಮನೆಯಲ್ಲಿ "ಅಜ್ಜ ಮಲಗ್ಯಾನ" ಅಂದರು. ಮಗು ರಾತ್ರಿ ಮಲಗೋಕೇ ಹೆದರಿತು. ಐದು ವರ್ಷದೊಳಗಿನ ಮಕ್ಕಳಿಗೆ ಸಾವು ಅಂದರೆ ಹೋಗಿ ಬರೋ ಊರಿದ್ದಂತೆ. 1948ರಲ್ಲೇ ಹಂಗೇರಿಯ ಮರಿಯಾ ನಾಗಿ ಅನ್ನೋ ಮನೋವಿಜ್ಞಾನಿ ಮಕ್ಕಳ ಮಾತು, ಚಿತ್ರ ಕೂಡಿಸಿ ಇದನ್ನು ತೋರಿಸಿದ್ದಾರೆ. ಸತ್ತವರು ವಾಪಸ್ ಬರೋದಿಲ್ಲ ಅನ್ನೋದು ಆ ವಯಸ್ಸಿಗೆ ಪೂರ್ತಿ ಇಳಿಯೋದಿಲ್ಲ. ಅದಕ್ಕೇ ಒಂದು ಸಲ ಹೇಳಿದರೆ ಸಾಲದು. ಸಣ್ಣ ಮಾತಿನಲ್ಲಿ ಹೇಳಬೇಕು, ಕೇಳಿದಾಗೆಲ್ಲ ಅದೇ ಮಾತಿನಲ್ಲಿ ಹೇಳಬೇಕು. "ಅಪ್ಪ ಸತ್ತಾನ. ಅವನ ಮೈ ಇನ್ನ ಕೆಲಸ ಮಾಡೂದಿಲ್ಲ. ಅವ ಹೊಳ್ಳಿ ಬರೂದಿಲ್ಲ. ಅದರಾಗ ನಿಂದೇನೂ ತಪ್ಪಿಲ್ಲ." ಕೊನೆಯ ಮಾತು ಬಹಳ ಮುಖ್ಯ. ಈ ವಯಸ್ಸಿನ ಮಕ್ಕಳು ಜಗತ್ತಿನಲ್ಲಿ ಆಗೋದೆಲ್ಲ ತಮ್ಮಿಂದಲೇ ಅಂದುಕೊಳ್ಳುತ್ತವೆ. ಹಿಂದಿನ ರಾತ್ರಿ ಅಪ್ಪನ ಜೊತೆ ಬಿಸ್ಕಿಟ್ಟಿಗೆ ಹಠ ಮಾಡಿದ್ದೇ ಕಾರಣ ಅಂತ ಒಳಗೊಳಗೇ ಕೊರಗುತ್ತವೆ.

ಈ ಮಾತುಗಳನ್ನು ಹೇಳೋದು ಅವ್ವನೋ ಆಯಿಯೋ ಆಗಬೇಕು. ಅಂಗನವಾಡಿಯಲ್ಲಿ ಮೊದಲ ಸಲ ಕೇಳುವಂತೆ ಆಗಬಾರದು. ಆದರೆ ಮನೆಯವರಿಗೆ ಆ ಮಾತು ಜೋಡಿಸಿ ಕೊಡೋದು ಕಾರ್ಯಕರ್ತೆ ಮಾಡಬಹುದಾದ ದೊಡ್ಡ ಉಪಕಾರ.

ಕೇಂದ್ರದಲ್ಲಿ ದಿನ ಹೇಗೆ ನಡೆಯಬೇಕು? ದಿನವೂ ಒಂದೇ ಥರ ನಡೆಯಬೇಕು. ಓದುವವರಿಗೆ ಇದು ಸಪ್ಪೆ ಅನ್ನಿಸಬಹುದು. ಬದುಕಿನಲ್ಲಿ ಯಾವುದೂ ನಂಬಿಕೆಗೆ ಸಿಗದ ಮಗುವಿಗೆ, ಬಂದ ಕೂಡಲೇ ಬಾಗಿಲಲ್ಲಿ ಹೆಸರು ಹಿಡಿದು ಕರೆಯುತ್ತಾರೆ, ಆಮೇಲೆ ಹಾಡು, ಆಮೇಲೆ ಆಟ, ಆಮೇಲೆ ಊಟ, ಆಮೇಲೆ ನಿದ್ದೆ ಅಂತ ಮುಂದಿನದು ಗೊತ್ತಿರೋದೇ ಅರ್ಧ ಚಿಕಿತ್ಸೆ. ಹೆದರಿದ ಮೈಯಲ್ಲಿ ಒತ್ತಡದ ಹಾರ್ಮೋನು ಏರುತ್ತದೆ. ಅದು ಏರಿ ಇಳಿದರೆ ತೊಂದರೆಯಿಲ್ಲ. ಏರಿದ್ದು ತಿಂಗಳುಗಟ್ಟಲೆ ಇಳಿಯದೇ ಇದ್ದರೆ ಬೆಳೆಯೋ ಮಿದುಳಿಗೆ ಪೆಟ್ಟು. ಹಾರ್ವರ್ಡಿನ ಜ್ಯಾಕ್ ಶಾಂಕಾಫ್ ಮತ್ತು ಅವರ ಬಳಗ ಇದಕ್ಕೆ ವಿಷದಂಥ ಒತ್ತಡ ಅಂತ ಹೆಸರಿಟ್ಟಿದೆ. ಅವರ ಮಾತಿನಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಬೇರೆ: ಅಷ್ಟೇ ದೊಡ್ಡ ಕಷ್ಟ ಬಂದರೂ ಪಕ್ಕದಲ್ಲಿ ನಂಬಿಕೆಯ ದೊಡ್ಡವರು ಒಬ್ಬರಿದ್ದರೆ ಆ ಒತ್ತಡ ತಡೆದುಕೊಳ್ಳುವಂಥದ್ದಾಗುತ್ತದೆ.

ಉಸಿರಾಟದ ವ್ಯಾಯಾಮ, ಧ್ಯಾನ ಅಂತೆಲ್ಲ ತರಬೇತಿಗಳಲ್ಲಿ ಹೇಳುತ್ತಾರೆ. ಮೂರು ವರ್ಷದ ಮಗುವಿಗೆ ಅದೆಲ್ಲ ಎಲ್ಲಿ ಹತ್ತುತ್ತದೆ? "ಬಿಸಿ ಗಂಜಿ ಐತಿ, ಊದ ನೋಡೋಣು" ಅಂದರೆ ಬಾಯಿ ಉರುಟು ಮಾಡಿ ಉದ್ದಕ್ಕೆ ಊದುತ್ತದೆ. ನಿಧಾನಕ್ಕೆ ಉಸಿರು ಬಿಟ್ಟಂತಾಯಿತು, ಎದೆಬಡಿತ ಇಳಿಯಿತು. ನಾಗರ ಪಂಚಮಿಗೆ ಕಟ್ಟಿದ ಜೋಕಾಲಿಯನ್ನು ಹಬ್ಬ ಮುಗಿದ ಮೇಲೂ ಬಿಚ್ಚದೇ ಇಟ್ಟ ಕೇಂದ್ರವೊಂದಿತ್ತು. ತೂಗಿದರೆ ಮಕ್ಕಳು ಶಾಂತವಾಗುತ್ತವೆ ಅನ್ನೋದು ತೊಟ್ಟಿಲು ತೂಗಿದ ಯಾರಿಗೆ ಗೊತ್ತಿಲ್ಲ? ಮಣ್ಣೆತ್ತಿನ ಅಮಾವಾಸ್ಯೆಗೆ ತಂದ ಎರೆಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಬಹಳ ದಿನ ಬರುತ್ತದೆ. ಸಿಟ್ಟಿನ ಮಕ್ಕಳಿಗೆ ಅದನ್ನು ಕುಟ್ಟೋಕೆ, ಹಿಸುಕೋಕೆ ಕೊಡಿ. ದುಡ್ಡಿನ ಆಟಿಕೆ ಯಾಕೆ ಬೇಕು?

ಭಾಷೆಯದೂ ಒಂದು ತೊಡಕು ಇದೆ. ತಾಂಡಾದ ಮಗುವಿಗೆ ಅವ್ವ ಅಂದರೆ 'ಯಾಡಿ'. ಬೆಳಗಾವಿಯಲ್ಲಿ ಮರಾಠಿ ಮನೆಯ ಮಗುವಿಗೆ 'ಆಯಿ' ಅಂದರೆ ತಾಯಿ, ನಮ್ಮ ಮಗುವಿಗೆ ಅಜ್ಜಿ. ಉರ್ದು ಮನೆಯದಕ್ಕೆ 'ಅಮ್ಮಿ'. ಮೂರು ವರ್ಷದ ಮಗು ಅಳುವಾಗ ಅದಕ್ಕೆ ಬೇಕಾದದ್ದು ಅದರ ಮನೆಯ ನಾಲ್ಕು ಮಾತು. ಅಂಜಬೇಡ, ನಾನಿದ್ದೇನೆ, ನೀರು ಬೇಕಾ, ಅವ್ವನ ನೆನಪು ಬಂತಾ. ಇಷ್ಟನ್ನು ಆ ಮನೆಯ ಭಾಷೆಯಲ್ಲಿ ಕಲಿಯೋಕೆ ಒಂದು ವಾರ ಸಾಕು. ಜೊತೆಗೆ ಕೆಲವು ಮಾತುಗಳನ್ನು ಬಿಡೋದೂ ಕಲಿಯಬೇಕು. "ಪೊಲೀಸ್ ಬಂದ ನೋಡ", "ಸೂಜಿ ಚುಚ್ಚಸ್ತೀನಿ", "ಅತ್ತರ ನಿಮ್ಮವ್ವ ಬರೂದಿಲ್ಲ". ಈ ಮೂರನೆಯ ಮಾತು ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು.

ಹಾಗಂತ ಅಳೋ ಮಕ್ಕಳಿಗೆಲ್ಲ 'ಟ್ರಾಮಾ' ಅಂತ ಹಣೆಪಟ್ಟಿ ಹಚ್ಚೋದು ನನಗೆ ಒಪ್ಪಿಗೆಯಿಲ್ಲ. ಜೂನ್ ತಿಂಗಳಲ್ಲಿ ಹೊಸದಾಗಿ ಬಂದ ಮಗು ಅತ್ತರೆ ಅದು ಬರೀ ಅಳು. ಹವಾಯಿ ದ್ವೀಪಗಳ ಕವಾಯಿಯಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಟ್ಟಲೆ ಹಿಂಬಾಲಿಸಿದರು. ಬಡತನ, ಕುಡಿತ, ಜಗಳದ ಮನೆಗಳಲ್ಲಿ ಬೆಳೆದು ಅಪಾಯದಲ್ಲಿದ್ದ ಮಕ್ಕಳಲ್ಲೂ ಸುಮಾರು ಮೂರನೇ ಒಂದು ಪಾಲು ನೆಟ್ಟಗೆ, ನಂಬಿಕಸ್ಥರಾಗಿ ಬೆಳೆದರು. ಅವರ ಬದುಕಿನಲ್ಲಿ ಅಜ್ಜಿಯೋ ಟೀಚರೋ ಪಕ್ಕದ ಮನೆಯವರೋ ಯಾರಾದರೂ ಒಬ್ಬರು ಗಟ್ಟಿಯಾಗಿ ನಿಂತಿದ್ದರು. ನಮ್ಮ ರಾಜ್ಯದಲ್ಲಿ 65 ಸಾವಿರಕ್ಕೂ ಜಾಸ್ತಿ ಅಂಗನವಾಡಿಗಳಿವೆ. ಅಷ್ಟು ಊರುಗಳಲ್ಲಿ, ಓಣಿಗಳಲ್ಲಿ ಅಂಥ 'ಒಬ್ಬರು' ಆಗಬಲ್ಲವರು ಆಗಲೇ ಕುಳಿತಿದ್ದಾರೆ ಅಂತ ಅರ್ಥ.

ಕಾರ್ಯಕರ್ತೆಯ ಕೈ ಮೀರಿದ್ದೂ ಇದೆ. ಒಂದು ತಿಂಗಳು ಕಳೆದರೂ ಕಡಿಮೆಯಾಗದೇ ಇದ್ದರೆ, ಮಾತು ನಿಂತೇಹೋದರೆ, ತೂಕ ಇಳಿಯುತ್ತಿದ್ದರೆ, ಮಗು ತನಗೆ ತಾನೇ ಹೊಡೆದುಕೊಳ್ಳುತ್ತಿದ್ದರೆ ಮುಂದಕ್ಕೆ ಕಳಿಸಲೇಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಅವರ ಮುಂದೆ ತೂಕ, ಹಲ್ಲು, ಕಿವಿಯ ಜೊತೆ ಈ ಮಾತನ್ನೂ ಎತ್ತಬೇಕು. ಮಾತಾಡದ ಮಗುವಿಗೆ ಕಿವಿ ಕೇಳಿಸುತ್ತದೆಯೇ ಅಂತ ಮೊದಲು ನೋಡಿಸಬೇಕು, ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬಾರದು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾದದ್ದು ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ ಮಾದರಿಯ ಮೇಲೆ. ಈಗ ನಮ್ಮ ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಅದರ ತಂಡ ಇದೆ. ನಮ್ಮ ಭಾಗದವರಿಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ದೂರವೇನಲ್ಲ. ಊರು ಬಿಟ್ಟು ಹೋಗೋಕೆ ಆಗದವರು 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್ ಅಂತ ಅದರ ಹೆಸರು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಗುವಿನ ಮೇಲೆ ಯಾರೋ ಕೈ ಮಾಡಿದ್ದಾರೆ, ಮುಟ್ಟಬಾರದ ಕಡೆ ಮುಟ್ಟಿದ್ದಾರೆ ಅನ್ನೋ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098. ಲೈಂಗಿಕ ದೌರ್ಜನ್ಯ ಗೊತ್ತಾದ ಮೇಲೆ ತಿಳಿಸದೇ ಇರೋದು 2012ರ ಪೋಕ್ಸೊ ಕಾಯ್ದೆಯಲ್ಲಿ ಅಪರಾಧ. ಊರ ಹಿರಿಯರು ಕೂತು ಬಗೆಹರಿಸೋ ವಿಷಯವಲ್ಲ ಅದು. ಒತ್ತಡ ಬಂದೇ ಬರುತ್ತದೆ, ಅದನ್ನು ತಡೆಯೋಕೆ ಕಾರ್ಯಕರ್ತೆಯ ಬೆನ್ನ ಹಿಂದೆ ಇಲಾಖೆ ನಿಲ್ಲಬೇಕು.

ಬೆನ್ನ ಹಿಂದೆ ನಿಲ್ಲೋ ಮಾತು ಬಂದರೆ ನನಗೆ ಸ್ವಲ್ಪ ಸಿಟ್ಟೂ ಬರುತ್ತದೆ. ಮೇಲೆ ಹೇಳಿದ್ದೆಲ್ಲ ಮಾಡೋಕೆ ಬೇಕಾದದ್ದು ಸಮಯ. ಪುಟ್ಟ ಮಗುವಿನ ಪಕ್ಕ ಸುಮ್ಮನೆ ಕೂರೋ ಸಮಯ. ಆಕೆಗೆ ಇರೋದೇನು? ಫೋನಿನಲ್ಲಿ ದಿನದ ಲೆಕ್ಕ ತುಂಬೋ ಪೋಷಣ್ ಟ್ರ್ಯಾಕರ್ ಆ್ಯಪ್, ಮುಖ ಗುರುತಿಸೋ ಫೋಟೊ, ತೂಕ ಎತ್ತರ, ಬಾಣಂತಿಯರ ಪಟ್ಟಿ, ಮನೆಗೆ ಕೊಡೋ ರೇಷನ್ನಿನ ಲೆಕ್ಕ, ಮತದಾರರ ಪಟ್ಟಿ, ಸರ್ವೆ. ನೆಟ್‌ವರ್ಕ್ ಸಿಗದಿದ್ದರೆ ಗುಡಿಯ ಕಟ್ಟೆ ಹತ್ತಿ ಫೋನ್ ಮೇಲೆ ಹಿಡಿದು ನಿಲ್ಲಬೇಕು. ಅಂಗನವಾಡಿಗಳು ಶುರುವಾದದ್ದು 1975ರ ಅಕ್ಟೋಬರ್ 2ಕ್ಕೆ. ಇವರಿಗೂ ಗ್ರಾಚ್ಯುಟಿ ಸಲ್ಲುತ್ತದೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ. ನಡುವಿನ ಅಷ್ಟೂ ವರ್ಷ ಇವರನ್ನು ಹೇಗೆ ನಡೆಸಿಕೊಂಡಿದ್ದೇವೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಇವರ ಮನಸ್ಸಿನ ಬಗ್ಗೆ ಕೇಳುವವರು ಯಾರು? 2019ರಲ್ಲಿ ಸ್ವಂತ ಮನೆಯಲ್ಲಿ ಮೊಣಕಾಲುದ್ದ ಕೆಸರು ಇದ್ದಾಗಲೂ ಪರಿಹಾರ ಕೇಂದ್ರದಲ್ಲಿ ಬೇರೆಯವರ ಮಕ್ಕಳನ್ನು ಆಡಿಸಿದ ಕಾರ್ಯಕರ್ತೆಯರಿದ್ದಾರೆ. ಗಂಡನ ಕೈಯಲ್ಲಿ ಬೆಳಿಗ್ಗೆ ಹೊಡೆತ ತಿಂದು ಬಂದು ಮಕ್ಕಳಿಗೆ ಹಾಡು ಹೇಳಿಕೊಟ್ಟವರಿದ್ದಾರೆ. ತಾನೇ ನಡುಗುತ್ತಿರುವವಳು ನಡುಗೋ ಮಗುವನ್ನು ಎಷ್ಟು ದಿನ ಹಿಡಿದಿಟ್ಟುಕೊಳ್ಳಬಲ್ಲಳು? ತಿಂಗಳ ಸಭೆಯಲ್ಲಿ ದಾಖಲಾತಿ ನೋಡೋದಕ್ಕೇ ಇಡೀ ಹೊತ್ತು ಹೋಗುತ್ತದೆ. ಅದರಲ್ಲಿ ಅರ್ಧ ತಾಸು ತೆಗೆದಿಟ್ಟು, ಯಾವುದಾದರೂ ಒಂದು ಮಗುವಿನ ಬಗ್ಗೆ ಎಲ್ಲರೂ ಮಾತಾಡುವಂತೆ ಆಗಬೇಕು. ಜಿಲ್ಲಾ ಮಾನಸಿಕ ಆರೋಗ್ಯ ತಂಡದವರು ಆಗಾಗ ಬಂದು ಕೂರಬೇಕು. ಭಾಷಣಕ್ಕಲ್ಲ, ಕೇಳಿಸಿಕೊಳ್ಳೋಕೆ. ನಾನು ನೋಡಿಕೊಳ್ಳುತ್ತಿದ್ದ ಕೇಂದ್ರಗಳ ಸರ್ಕಲ್ಲಿನಲ್ಲಿ ಕೆಲ ಕಾಲ ಇದನ್ನು ನಾವು ನಾವೇ ಮಾಡಿಕೊಂಡಿದ್ದೆವು, ಚಹಾ ಕುಡಿಯೋ ಹೊತ್ತಿನಲ್ಲಿ. ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಬಿಟ್ಟ ಮೇಲೆ ನಿಲ್ಲಿಸೋದು ಕಷ್ಟವಾಯಿತು.

ಅಂಥದ್ದೇ ಒಂದು ಹೊತ್ತಿನಲ್ಲಿ ನಾನು ಕೇಳಿದ್ದೆ, ಇಲಾಖೆಯಿಂದ ಒಂದೇ ಒಂದು ಸಹಾಯ ಸಿಗೋದಾದರೆ ಏನು ಬೇಡ್ತೀರಿ ಅಂತ. ತರಬೇತಿ ಅಂತಾರೆ, ಆಟಿಕೆ ಅಂತಾರೆ ಅಂದುಕೊಂಡಿದ್ದೆ. ಸಹಾಯಕಿ ಹುದ್ದೆ ಬಹಳ ದಿನದಿಂದ ಖಾಲಿ ಬಿದ್ದಿದ್ದ ಕೇಂದ್ರದ ಕಾರ್ಯಕರ್ತೆ ಚಹಾದ ಕಪ್ಪು ಕೆಳಗಿಟ್ಟು ಅಂದಳು: "ಮದ್ಲ ಒಬ್ಬಾಕಿ ಸಹಾಯಕೀನ ಕೊಡ್ರಿ ಮೇಡಮ್ಮಾರ. ಅಳೂ ಕೂಸಿನ ನಾ ಹಿಡಕೊಂಡ ಕುಂತ್ರ, ಒಲಿ ಮ್ಯಾಲಿನ ಅನ್ನಾ ಯಾರ ನೋಡ್ಬೇಕ್ರಿ?"